ಒಂದು ಭಾಷೆಯ ಪಾಯಿಂಟರ್ ಇನ್ನೊಂದು ಭಾಷೆಯ ಕೈಗೆ ಸಿಕ್ಕಾಗ

ಪೈಥಾನ್‌ನಲ್ಲಿ ಬರೆದ ಒಂದು ಪ್ರೋಗ್ರಾಂ ಇದೆ ಅಂದುಕೊಳ್ಳಿ. ಅದರಲ್ಲಿ ಹತ್ತು ಲಕ್ಷ ಅಳತೆಗಳಿವೆ. ಅವುಗಳ ಮೇಲೆ ಭಾರೀ ಲೆಕ್ಕ ಮಾಡುವ ಫಂಕ್ಷನ್ ಮಾತ್ರ ಸಿ ಭಾಷೆಯಲ್ಲಿದೆ. ಅಳತೆಗಳನ್ನು ಆ ಕಡೆ ಕಳಿಸುವುದು ಹೇಗೆ? ಎಲ್ಲವನ್ನೂ ಜೇಸನ್ ತರಹ ಪಠ್ಯವಾಗಿ ಬರೆದು, ಆ ಕಡೆ ಮತ್ತೆ ಓದಿಸಬಹುದು. ಆದರೆ ಎರಡೂ ಕೋಡ್ ಒಂದೇ ಪ್ರೋಸೆಸ್‌ನಲ್ಲಿ, ಒಂದೇ ಮೆಮೊರಿಯಲ್ಲಿ ಓಡುತ್ತಿರುವಾಗ ಇಷ್ಟು ಸುತ್ತು ಯಾಕೆ? ಡೇಟಾ ಇದ್ದಲ್ಲೇ ಇರಲಿ. ಅದು ಎಲ್ಲಿದೆ ಅನ್ನುವ ವಿಳಾಸ ಕೊಟ್ಟರೆ ಸಾಕು ಅಲ್ವಾ? ಆ ವಿಳಾಸವೇ ಪಾಯಿಂಟರ್.

64 ಬಿಟ್ ಯಂತ್ರದಲ್ಲಿ ಪಾಯಿಂಟರ್ ಅಂದರೆ 8 ಬೈಟ್‌ನ ಒಂದು ಸಂಖ್ಯೆ. ಗಡಿ ದಾಟುವುದು ಅದೊಂದೇ. ಆ ವಿಳಾಸದಲ್ಲಿ ಇರುವುದು ಪೂರ್ಣಾಂಕವೋ ದಶಮಾಂಶವೋ, ಎಷ್ಟಿವೆ, ಯಾವ ಕ್ರಮದಲ್ಲಿವೆ, ತಿದ್ದಬಹುದೋ ಬಾರದೋ, ಕೆಲಸ ಮುಗಿದ ಮೇಲೆ ಆ ಮೆಮೊರಿಯನ್ನು ಯಾರು ಬಿಡಬೇಕು, ಇದ್ಯಾವುದೂ ಆ ಸಂಖ್ಯೆಯಲ್ಲಿ ಇಲ್ಲ. ಒಂದೇ ಭಾಷೆಯೊಳಗಾದರೆ ಇವುಗಳಲ್ಲಿ ಕೆಲವನ್ನು ಕಂಪೈಲರ್ ಲೆಕ್ಕ ಇಟ್ಟುಕೊಳ್ಳುತ್ತದೆ. ಗಡಿ ದಾಟಿದ ಮೇಲೆ ಆ ಕಡೆಯ ಕಂಪೈಲರ್‌ಗೆ ಈ ಕಡೆಯ ಸುದ್ದಿಯೇ ಇರುವುದಿಲ್ಲ. ಪಾಯಿಂಟರ್ ಕೊಡುವುದು ಒಂದು ಸಾಲಿನ ಕೋಡ್. ಉಳಿದದ್ದೆಲ್ಲ ಎರಡೂ ಕಡೆಯವರು ಮೊದಲೇ ಮಾಡಿಕೊಳ್ಳಬೇಕಾದ ಒಪ್ಪಂದ. ಈ ಲೇಖನದ ವಿಷಯ ಆ ಒಪ್ಪಂದವೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದೆಲ್ಲ ಒಂದೇ ಪ್ರೋಸೆಸ್‌ನೊಳಗಿನ ಕತೆ. ಪ್ರತಿ ಪ್ರೋಸೆಸ್‌ಗೂ ಆಪರೇಟಿಂಗ್ ಸಿಸ್ಟಂ ಬೇರೆ ಬೇರೆ ವರ್ಚುವಲ್ ಮೆಮೊರಿ ಕೊಡುತ್ತದೆ. ಹಾಗಾಗಿ ಈ ಪ್ರೋಸೆಸ್‌ನ ಪಾಯಿಂಟರನ್ನು ಫೈಲಿನಲ್ಲಿ ಬರೆದರೂ, ನೆಟ್‌ವರ್ಕ್‌ನಲ್ಲಿ ಕಳಿಸಿದರೂ ಆ ಕಡೆ ಅದಕ್ಕೆ ಅರ್ಥವಿಲ್ಲ.

ಮಧ್ಯದಲ್ಲಿ ಯಾವಾಗಲೂ ಸಿ

ರಸ್ಟ್ ಮತ್ತು ಪೈಥಾನ್ ಮಾತಾಡಬೇಕಾದರೂ, ಗೋ ಮತ್ತು ರಸ್ಟ್ ಮಾತಾಡಬೇಕಾದರೂ ಸಾಮಾನ್ಯವಾಗಿ ನಡುವೆ ಸಿ ಬರುತ್ತದೆ. ಒಂದು ಸಾಲು ಸಿ ಕೋಡ್ ಇಲ್ಲದಿದ್ದರೂ ಬರುತ್ತದೆ! ಇಲ್ಲಿ ಬೇಕಾಗಿರುವುದು ಸಿ ಭಾಷೆಯ ವ್ಯಾಕರಣ ಅಲ್ಲ, ಅದರ ಎಬಿಐ. ಫಂಕ್ಷನ್ ಕರೆಯುವಾಗ ಯಾವ ಮೌಲ್ಯ ಯಾವ ರಿಜಿಸ್ಟರ್‌ನಲ್ಲಿ (ಪ್ರೊಸೆಸರ್ ಒಳಗಿನ ಪುಟ್ಟ ಜಾಗದಲ್ಲಿ) ಹೋಗಬೇಕು, ಉತ್ತರ ಎಲ್ಲಿ ಬರಬೇಕು, ಸ್ಟ್ರಕ್ಟ್‌ನ (ಹಲವು ಮೌಲ್ಯಗಳನ್ನು ಒಟ್ಟಿಗೆ ಕಟ್ಟಿದ ದಾಖಲೆಯ) ಭಾಗಗಳು ಎಷ್ಟೆಷ್ಟು ದೂರದಲ್ಲಿ ಕೂರಬೇಕು ಎಂದು ಬೈಟ್ ಮಟ್ಟದಲ್ಲಿ ಹೇಳುವ ನಿಯಮಗಳು ಅವು. ಇಂಟೆಲ್ ಮತ್ತು ಎಎಂಡಿಯ 64 ಬಿಟ್ ಯಂತ್ರಗಳಲ್ಲಿ ಲಿನಕ್ಸ್ ಮೊದಲ ಆರು ಪೂರ್ಣಾಂಕ ಅಥವಾ ಪಾಯಿಂಟರ್‌ಗಳನ್ನು ರಿಜಿಸ್ಟರ್‌ನಲ್ಲಿ ಕಳಿಸುತ್ತದೆ. ಅದೇ ಯಂತ್ರದಲ್ಲಿ ವಿಂಡೋಸ್ ಕಳಿಸುವುದು ನಾಲ್ಕನ್ನು. ಇಂಥ ವಿವರಗಳನ್ನು ನಾವು ಕೈಯಾರೆ ನೋಡಬೇಕಾಗಿಲ್ಲ. ಆದರೆ ಎರಡೂ ಕಡೆ ಅದೇ ನಿಯಮ ಹಿಡಿದಿರಬೇಕು.

ಇನ್ನೊಂದು ತೊಡಕೂ ಇದೆ. ಪೈಥಾನ್‌ನ ಸಾಮಾನ್ಯ ಲಿಸ್ಟನ್ನು ನೇರವಾಗಿ ಸಿ ಕೈಗೆ ಕೊಟ್ಟು ಉಪಯೋಗವಿಲ್ಲ. ಲಿಸ್ಟ್‌ನೊಳಗೆ ಸಂಖ್ಯೆಗಳು ಸಾಲಾಗಿ ಕೂತಿರುವುದಿಲ್ಲ. ಅಲ್ಲಿರುವುದು ಬೇರೆ ಬೇರೆ ವಸ್ತುಗಳ ವಿಳಾಸಗಳು. ಸಾಮಾನ್ಯವಾಗಿ ಎಲ್ಲರೂ ಬಳಸುವ ಪೈಥಾನ್ ಆದ ಸಿಪೈಥಾನ್‌ನಲ್ಲಿ ಒಂದೊಂದು ದಶಮಾಂಶ ಸಂಖ್ಯೆಯೂ 24 ಬೈಟ್‌ನ ಸ್ವತಂತ್ರ ವಸ್ತು. ಅದರಲ್ಲಿ ನಿಜವಾದ ಸಂಖ್ಯೆ 8 ಬೈಟ್ ಮಾತ್ರ. ಸಿ ಬಯಸುವುದು 8 ಬೈಟ್‌ಗಳ ನೇರ ಸಾಲು. ಅದಕ್ಕೇ ಲೆಕ್ಕದ ಲೈಬ್ರರಿ ನಂಪೈನ ಅರೇ, ಅಥವಾ ಪೈಥಾನ್‌ನಿಂದ ಸಿ ಕೋಡ್ ಕರೆಯಲು ಇರುವ ಸಿಟೈಪ್ಸ್ ಲೈಬ್ರರಿಯ ಅರೇ ಬೇಕಾಗುವುದು. ಸಿಟೈಪ್ಸ್ 2006ರಲ್ಲಿ ಪೈಥಾನ್ 2.5 ಜೊತೆಗೆ ಪ್ರಮಾಣಿತ ಲೈಬ್ರರಿಗೆ ಸೇರಿತು. ಏನನ್ನೂ ಇನ್‌ಸ್ಟಾಲ್ ಮಾಡದೆ ಪ್ರಯೋಗ ಮಾಡಿ ನೋಡಬೇಕಾದರೆ ಅದೇ ಒಳ್ಳೆಯ ದಾರಿ.

13 ಬೈಟ್ ಹೇಗೆ 24 ಆಗುತ್ತದೆ

ಈಗ ಒಂದು ಸ್ಟ್ರಕ್ಟ್ ನೋಡೋಣ. ಅದರಲ್ಲಿ ಮೂರು ಭಾಗ. "ಬಗೆ" ಅನ್ನುವುದು 1 ಬೈಟ್. "ಅಳತೆ" ಅನ್ನುವುದು 8 ಬೈಟ್‌ನ ದಶಮಾಂಶ. "ಕ್ರಮಸಂಖ್ಯೆ" 4 ಬೈಟ್‌ನ ಪೂರ್ಣಾಂಕ. ಕೂಡಿದರೆ 13. ಆದರೆ ಸಿ ಕಂಪೈಲರ್‌ಗೆ ಇದರ ಗಾತ್ರ ಕೇಳಿ, 64 ಬಿಟ್ ಯಂತ್ರದಲ್ಲಿ 24 ಅನ್ನುತ್ತದೆ. ಒಳಗಿನ ಚಿತ್ರ ಹೀಗಿದೆ:

ಬೈಟ್ 0: ಬಗೆ
ಬೈಟ್ 1ರಿಂದ 7: ಖಾಲಿ
ಬೈಟ್ 8ರಿಂದ 15: ಅಳತೆ
ಬೈಟ್ 16ರಿಂದ 19: ಕ್ರಮಸಂಖ್ಯೆ
ಬೈಟ್ 20ರಿಂದ 23: ಖಾಲಿ

8 ಬೈಟ್‌ನ ಮೌಲ್ಯ 8ರಿಂದ ಭಾಗವಾಗುವ ವಿಳಾಸದಲ್ಲೇ ಶುರುವಾಗಬೇಕು ಅನ್ನುವುದು ಇಲ್ಲಿಯ ನಿಯಮ. ಅದಕ್ಕೇ ನಡುವೆ 7 ಬೈಟ್ ಖಾಲಿ. ಕೊನೆಯ 4 ಬೈಟ್ ಯಾಕೆ? ಇಂಥ ಸ್ಟ್ರಕ್ಟ್‌ಗಳನ್ನು ಸಾಲಾಗಿ ಇಟ್ಟಾಗ ಎರಡನೆಯದರ "ಅಳತೆ"ಯೂ ಸರಿಯಾದ ಜಾಗದಲ್ಲಿ ಕೂರಬೇಕಲ್ಲ, ಅದಕ್ಕೆ. ಈ ಖಾಲಿ ಜಾಗಕ್ಕೆ ಪ್ಯಾಡಿಂಗ್ ಎಂದು ಹೆಸರು.

ಈ ಕೊನೆಯ ಪ್ಯಾಡಿಂಗ್ ಒಂದು ಕಳ್ಳ ಹೊಂಡ. ಪೈಥಾನ್‌ನ ಸ್ಟ್ರಕ್ಟ್ ಎಂಬ ಮಾಡ್ಯೂಲ್ ಬಳಸಿ ಇದೇ ಮೂರು ಭಾಗಗಳನ್ನು ಬೈಟ್‌ಗಳಾಗಿ ಕಟ್ಟಿ ನೋಡಿ. ಪ್ರಮಾಣಿತ ಗಾತ್ರದ ಕ್ರಮದಲ್ಲಿ ಅದು ಪ್ಯಾಡಿಂಗ್ ಹಾಕುವುದೇ ಇಲ್ಲ, 13 ಬೈಟ್ ಕೊಡುತ್ತದೆ. ನೇಟಿವ್ ಕ್ರಮದಲ್ಲಿ ನಡುವಿನ ಪ್ಯಾಡಿಂಗ್ ಹಾಕುತ್ತದೆ, ಕೊನೆಯದನ್ನು ಬಿಡುತ್ತದೆ. ಗಾತ್ರ 20 ಬರುತ್ತದೆ. ಮೊದಲನೆಯದು ವಾಸಿ ಅನ್ನಬಹುದು, ಕೂಡಲೇ ಕಸ ಕಾಣುತ್ತದೆ. ಎರಡನೆಯದು ಮೋಸ ಮಾಡುತ್ತದೆ. ಒಂದೇ ದಾಖಲೆ ಕಳಿಸಿ ಪರೀಕ್ಷಿಸಿದರೆ ಎಲ್ಲ ಸರಿ. ಎರಡು ಕಳಿಸಿದಾಗ ಎರಡನೆಯದು 4 ಬೈಟ್ ಪಕ್ಕಕ್ಕೆ ಸರಿದಿರುತ್ತದೆ. ಸಿಟೈಪ್ಸ್‌ನ ಸ್ಟ್ರಕ್ಚರ್ ಬಳಸಿದರೆ ಈ ತೊಂದರೆ ಇಲ್ಲ. ಅದು ಸಿ ಕಂಪೈಲರ್‌ನ ನಿಯಮವನ್ನೇ ಹಿಡಿದು 24 ಕೊಡುತ್ತದೆ.

ಭಾಗಗಳ ಕ್ರಮ ಬದಲಿಸಿದರೆ ಗಾತ್ರವೂ ಬದಲಾಗುತ್ತದೆ. ದೊಡ್ಡದನ್ನು ಮೊದಲು ಇಟ್ಟು, ಅಳತೆ, ಕ್ರಮಸಂಖ್ಯೆ, ಬಗೆ ಎಂದು ಬರೆಯಿರಿ. ಈಗ ಗಾತ್ರ 16. ಹತ್ತು ಲಕ್ಷ ದಾಖಲೆಗೆ 2.4 ಕೋಟಿ ಬೈಟ್ ಬದಲು 1.6 ಕೋಟಿ ಸಾಕು. ಸಿ ತಾನಾಗಿ ಈ ಕ್ರಮ ಬದಲಿಸುವಂತಿಲ್ಲ, ಬರೆದ ಕ್ರಮವನ್ನೇ ಉಳಿಸಬೇಕು. ರಸ್ಟ್ ಹಾಗಲ್ಲ. ಅದರ ಕಂಪೈಲರ್‌ಗೆ ಭಾಗಗಳನ್ನು ತನಗೆ ಬೇಕಾದಂತೆ ಜೋಡಿಸುವ ಹಕ್ಕಿದೆ. ಆದ್ದರಿಂದ ಗಡಿ ದಾಟುವ ಪ್ರತಿ ಸ್ಟ್ರಕ್ಟ್ ಮೇಲೂ "ಇದನ್ನು ಸಿ ಕ್ರಮದಲ್ಲೇ ಇಡು" ಎಂಬ ಸೂಚನೆ ಬರೆಯಬೇಕು. ಮರೆತರೆ ಕೆಲವು ಸ್ಟ್ರಕ್ಟ್‌ಗಳು ಸುಮ್ನೆ ಅದೃಷ್ಟದಿಂದ ಸರಿ ಬರುತ್ತವೆ, ಕೆಲವು ಬರಲ್ಲ.

ಪ್ಯಾಡಿಂಗ್ ಸರಿ ಮಾಡಿಕೊಂಡರೂ ಒಂದೊಂದು ಭಾಗದ ಅಗಲದ ತಕರಾರು ಉಳಿಯುತ್ತದೆ. ಸಿ ಭಾಷೆಯ ಲಾಂಗ್ 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್. ಹೌದು ಅಥವಾ ಇಲ್ಲ ಎಂದು ಹೇಳುವ ಬೂಲ್ ಸಿ ಪ್ಲಸ್ ಪ್ಲಸ್‌ನಲ್ಲಿ ಸಾಮಾನ್ಯವಾಗಿ 1 ಬೈಟ್. ಆದರೆ ಡಾಟ್‌ನೆಟ್ ಬೇರೆ ಏನೂ ಹೇಳದಿದ್ದರೆ ಅದನ್ನು 4 ಬೈಟ್ ಮಾಡಿ ಕಳಿಸುತ್ತದೆ, ಹಳೆಯ ವಿಂಡೋಸ್ ರೂಢಿಯಂತೆ. ಗಡಿಯಲ್ಲಿ ಲಾಂಗ್ ಬಳಸಲೇಬೇಡಿ ಅನ್ನುವುದು ನನ್ನ ಸಲಹೆ. 1999ರ ಸಿ ಪ್ರಮಾಣದಿಂದಲೇ 32 ಬಿಟ್, 64 ಬಿಟ್ ಎಂದು ಹೆಸರಲ್ಲೇ ಅಗಲ ಹೇಳುವ ಪೂರ್ಣಾಂಕ ವಿಧಗಳಿವೆ. ಅವನ್ನು ಬಿಟ್ಟು ಬೇರೆಯದಕ್ಕೆ ಕೈ ಹಾಕಲು ಕಾರಣವೇ ಇಲ್ಲ.

ಅಗಲದ ಮಾತು ಪಾಯಿಂಟರ್‌ಗೂ ಅನ್ವಯಿಸುತ್ತದೆ. ಸಿಟೈಪ್ಸ್‌ನಲ್ಲಿ ಫಂಕ್ಷನ್‌ನ ಉತ್ತರ ಯಾವ ವಿಧ ಎಂದು ಹೇಳದಿದ್ದರೆ, ಅದು ಸಾಮಾನ್ಯ ಪೂರ್ಣಾಂಕ, ಅಂದರೆ 32 ಬಿಟ್ ಎಂದು ಭಾವಿಸುತ್ತದೆ. ಸಿ ಫಂಕ್ಷನ್ 64 ಬಿಟ್ ಪಾಯಿಂಟರ್ ಕೊಟ್ಟರೆ ಅದರ ಮೇಲಿನ ಅರ್ಧ ಕತ್ತರಿಸಿಹೋಗುತ್ತದೆ. ಕೆಳಗಿನ ಅರ್ಧ ಹಿಡಿದುಕೊಂಡು ಮುಂದಿನ ಕರೆ ಮಾಡಿದರೆ ಪ್ರೋಗ್ರಾಂ ಸತ್ತುಬೀಳುತ್ತದೆ. ಕೆಲವೊಮ್ಮೆ ವಿಳಾಸ ಚಿಕ್ಕದಾಗಿದ್ದು ಕತ್ತರಿಸಿದರೂ ಸರಿಯಾಗಿಯೇ ಉಳಿಯುತ್ತದೆ. ಆಗ "ನನ್ನ ಯಂತ್ರದಲ್ಲಿ ಓಡುತ್ತೆ, ನಿಮ್ಮದರಲ್ಲಿ ಯಾಕೆ ಓಡಲ್ಲ" ಅನ್ನುವ ಜಗಳ ಶುರು. ಪ್ರತಿ ಫಂಕ್ಷನ್‌ಗೂ ರೆಸ್‌ಟೈಪ್ (ಉತ್ತರದ ವಿಧ) ಮತ್ತು ಆರ್ಗ್‌ಟೈಪ್ಸ್ (ಕೊಡುವ ಮೌಲ್ಯಗಳ ವಿಧ) ಎರಡನ್ನೂ ಬರೆಯುವುದು ಬೇಸರದ ಕೆಲಸ ನಿಜ, ಆದರೂ ಬಿಡಬಾರದು.

ಸಾಲಿನ ಉದ್ದ ಯಾರು ಹೇಳಬೇಕು

ಅರೇ ಕಳಿಸುವಾಗ ಪಾಯಿಂಟರ್ ಜೊತೆ ಎಷ್ಟು ಅಂಶಗಳಿವೆ ಎಂಬ ಸಂಖ್ಯೆಯನ್ನೂ ಕಳಿಸಬೇಕು. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅಂಶಗಳ ನಡುವಿನ ಅಂತರ. ನಂಪೈನಲ್ಲಿ ಒಂದು ಅರೇಯಿಂದ ಒಂದು ಬಿಟ್ಟು ಒಂದು ಅಂಶ ಆರಿಸಿದರೆ ಅದು ನಕಲು ಮಾಡುವುದಿಲ್ಲ. ಹಳೆಯ ಮೆಮೊರಿಯನ್ನೇ ಇಟ್ಟುಕೊಂಡು "8 ಬೈಟ್ ಬದಲು 16 ಬೈಟ್ ಹಾರು" ಎಂದು ಬರೆದುಕೊಳ್ಳುತ್ತದೆ ಅಷ್ಟೇ. ಅದರ ಪಾಯಿಂಟರನ್ನು ಸಿ ಕೈಗೆ ಕೊಟ್ಟರೆ, ಸಿ ಹಾರುವುದಿಲ್ಲ, ಬಿಟ್ಟ ಅಂಶಗಳನ್ನೂ ಸೇರಿಸಿ ಓದುತ್ತದೆ. ತಪ್ಪು ಉತ್ತರ ಬರುತ್ತದೆ, ದೋಷ ಸಂದೇಶ ಬರುವುದಿಲ್ಲ. ಕಳಿಸುವ ಮೊದಲು ಅರೇಯನ್ನು ಒತ್ತಾಗಿ ಜೋಡಿಸಿಕೊಳ್ಳಬೇಕು, ಇಲ್ಲವೇ ಅಂತರವನ್ನೂ ಜೊತೆಗೆ ಕಳಿಸಬೇಕು. ಫೋರ್‌ಟ್ರಾನ್ ಲೈಬ್ರರಿಗೆ ಎರಡು ಆಯಾಮದ ಅರೇ ಕೊಡುವಾಗ ಇನ್ನೊಂದು ತಿರುವು. ಫೋರ್‌ಟ್ರಾನ್ ಕಂಬಸಾಲಿನ ಕ್ರಮದಲ್ಲಿ ಇಡುತ್ತದೆ, ಸಿ ಅಡ್ಡಸಾಲಿನ ಕ್ರಮದಲ್ಲಿ. ಗಮನಿಸದಿದ್ದರೆ ಸಾಲು ಕಂಬ ಅದಲುಬದಲು.

ಪಠ್ಯದ ವಿಷಯಕ್ಕೆ ಬಂದರೆ ಸಿ ಉದ್ದವನ್ನು ಹೇಳುವುದೇ ಇಲ್ಲ. ಸೊನ್ನೆ ಬೈಟ್ ಸಿಕ್ಕುವವರೆಗೆ ಓದುತ್ತಾ ಹೋಗುತ್ತದೆ. ರಸ್ಟ್ ಮತ್ತು ಗೋ ಭಾಷೆಗಳು ಪಾಯಿಂಟರ್ ಜೊತೆ ಉದ್ದವನ್ನು ಇಟ್ಟುಕೊಳ್ಳುತ್ತವೆ, ಕೊನೆಯಲ್ಲಿ ಸೊನ್ನೆ ಇಡುವುದಿಲ್ಲ. ಆ ಪಾಯಿಂಟರನ್ನು ಹಾಗೆಯೇ ಸಿಗೆ ಕೊಟ್ಟರೆ ಅದು ಪಠ್ಯ ಮುಗಿದ ಮೇಲೂ ಪಕ್ಕದ ಮೆಮೊರಿ ಓದುತ್ತಾ ಹೋಗುತ್ತದೆ, ಎಲ್ಲೋ ಒಂದು ಸೊನ್ನೆ ಸಿಗುವವರೆಗೆ.

ಇಲ್ಲಿ ಕನ್ನಡದಲ್ಲಿ ಪಠ್ಯ ಬರೆಯುವವರು ಒಂದು ಹೆಜ್ಜೆ ಹೆಚ್ಚು ಎಚ್ಚರವಾಗಿರಬೇಕು. "ಕನ್ನಡ" ಎಂಬ ಪದವನ್ನೇ ತಗೊಳ್ಳಿ. ಕಣ್ಣಿಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಕ, ನ, ಒತ್ತಕ್ಷರ ಕೂಡಿಸುವ ವಿರಾಮ (್), ನ, ಡ ಎಂದು ಐದು ಸಂಕೇತ. ಪೈಥಾನ್ ಉದ್ದ ಕೇಳಿದರೆ 5 ಅನ್ನುತ್ತದೆ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್, ಒಟ್ಟು 15. ಕೊನೆಯ ಸೊನ್ನೆ ಸೇರಿ ಸಿ ಬಫರ್‌ಗೆ 16 ಬೈಟ್ ಬೇಕು. ಯುಟಿಎಫ್-16 ಆದರೆ 10 ಬೈಟ್, ಮೇಲೆ ಕೊನೆಯ ಗುರುತಿಗೆ ಇನ್ನೆರಡು. ಪೈಥಾನ್ ಹೇಳಿದ 5ಕ್ಕೆ ಒಂದು ಕೂಡಿಸಿ 6 ಬೈಟ್‌ನ ಬಫರ್ ಕಟ್ಟಿದರೆ ಇಂಗ್ಲಿಷ್ ಪಠ್ಯಕ್ಕೆ ಎಲ್ಲ ಸರಿಯಾಗಿ ನಡೆಯುತ್ತದೆ. ಮೊದಲ ಕನ್ನಡ ಪದ ಬಂದ ಕೂಡಲೇ ಸಿ ಕೋಡ್ ಬಫರ್ ಆಚೆ ಬರೆಯುತ್ತದೆ. ಉದ್ದ ಅಂದರೆ ಬೈಟ್‌ಗಳ ಉದ್ದ, ಯಾವ ಎನ್‌ಕೋಡಿಂಗ್‌ನಲ್ಲಿ ಅನ್ನುವುದು ಒಪ್ಪಂದದಲ್ಲಿ ಬರೆದಿರಬೇಕು.

ಮೆಮೊರಿ ಯಾರದು

ಇಡೀ ವಿಷಯದಲ್ಲಿ ಅತಿ ಹೆಚ್ಚು ತಲೆನೋವು ಕೊಡುವುದು ಇದೇ ಎಂದು ನನ್ನ ಅನಿಸಿಕೆ. ಅಳತೆ ತಪ್ಪಿದರೆ ಬೇಗ ಗೊತ್ತಾಗುತ್ತದೆ. ಒಡೆತನ ತಪ್ಪಿದರೆ ವಾರಗಟ್ಟಲೆ ಚೆನ್ನಾಗಿ ಓಡಿ, ಒಂದು ದಿನ ಸಂಬಂಧವೇ ಇಲ್ಲದ ಜಾಗದಲ್ಲಿ ಬೀಳುತ್ತದೆ.

ಮೂಲ ನಿಯಮ ಸರಳ. ಯಾವ ಅಲೊಕೇಟರ್ (ಮೆಮೊರಿ ಹಂಚುವ ಕೋಡ್) ಮೆಮೊರಿ ಕೊಟ್ಟಿತೋ ಅದಕ್ಕೇ ವಾಪಸ್ ಕೊಡಬೇಕು. ಸಿ ಕಡೆಯ ಮ್ಯಾಲಾಕ್ ಕೊಟ್ಟದ್ದನ್ನು ರಸ್ಟ್ ತನ್ನದೆಂದು ಬಿಡುವಂತಿಲ್ಲ. ವಿಂಡೋಸ್‌ನಲ್ಲಿ ಎರಡೂ ಕಡೆ ಸಿ ಇದ್ದರೂ ಎಡವಬಹುದು. ಎರಡು ಡಿಎಲ್‌ಎಲ್‌ಗಳು (ವಿಂಡೋಸ್‌ನ ಲೈಬ್ರರಿ ಫೈಲುಗಳು) ಬೇರೆ ಬೇರೆ ಸಿ ರನ್‌ಟೈಮ್ ಜೊತೆ ಕಟ್ಟಿದ್ದರೆ ಅವುಗಳ ಹೀಪ್‌ಗಳೂ, ಅಂದರೆ ಮೆಮೊರಿ ಹಂಚುವ ಜಾಗಗಳೂ, ಬೇರೆ. ಒಂದರಲ್ಲಿ ಪಡೆದು ಇನ್ನೊಂದರಲ್ಲಿ ಬಿಟ್ಟರೆ ಹೀಪ್ ಕೆಡುತ್ತದೆ. ಅದಕ್ಕೇ ಒಳ್ಳೆಯ ಲೈಬ್ರರಿಗಳು ಮೆಮೊರಿ ಕೊಡುವ ಫಂಕ್ಷನ್ ಜೊತೆಗೆ ಅದನ್ನು ಬಿಡುವ ಫಂಕ್ಷನ್ನನ್ನೂ ತಾವೇ ಕೊಡುತ್ತವೆ.

ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಲೈಬ್ರರಿ ನೋಡಿದರೆ ಇದು ಎಷ್ಟು ಸೂಕ್ಷ್ಮ ಅನ್ನುವುದು ತಿಳಿಯುತ್ತದೆ. ಅದರಲ್ಲಿ ದೋಷ ಸಂದೇಶ ಎರಡು ದಾರಿಯಲ್ಲಿ ಸಿಗುತ್ತದೆ. ಕೊನೆಯ ದೋಷದ ಸಂದೇಶ ಕೇಳುವ ಫಂಕ್ಷನ್ ಒಂದು ಪಾಯಿಂಟರ್ ಕೊಡುತ್ತದೆ. ಆ ಮೆಮೊರಿ ಎಸ್‌ಕ್ಯೂಲೈಟ್‌ನದೇ. ನಾವು ಬಿಡಬಾರದು, ಜಾಸ್ತಿ ಹೊತ್ತು ಇಟ್ಟುಕೊಳ್ಳಲೂಬಾರದು, ಮುಂದಿನ ಕರೆಯಲ್ಲಿ ಅದರ ಮೇಲೆ ಬೇರೆಯದು ಬರೆದಿರಬಹುದು. ಆದರೆ ಎಕ್ಸೆಕ್ ಫಂಕ್ಷನ್ ಮೂಲಕ ಬರುವ ದೋಷ ಸಂದೇಶ ನಮ್ಮದು. ಅದನ್ನು ಎಸ್‌ಕ್ಯೂಲೈಟ್‌ನ ಫ್ರೀ ಫಂಕ್ಷನ್ ಕರೆದು ನಾವೇ ಬಿಡಬೇಕು. ಎರಡೂ ಕೊನೆಗೆ ಅಕ್ಷರಗಳ ಪಾಯಿಂಟರ್. ಸಂಖ್ಯೆ ನೋಡಿ ಯಾವುದು ಯಾರದು ಎಂದು ಹೇಳಲಾಗದು, ಕೈಪಿಡಿಯನ್ನೇ ಓದಬೇಕು.

ಅದೇ ಎಸ್‌ಕ್ಯೂಲೈಟ್ ನಮ್ಮಿಂದ ಪಠ್ಯ ಪಡೆಯುವಾಗ ಎಷ್ಟು ಚೆನ್ನಾಗಿ ಕೇಳುತ್ತದೆ ನೋಡಿ. ಪಠ್ಯವನ್ನು ಪ್ರಶ್ನೆಗೆ ಜೋಡಿಸುವ ಫಂಕ್ಷನ್‌ಗೆ ಪಾಯಿಂಟರ್, ಉದ್ದ ಎಲ್ಲ ಆದ ಮೇಲೆ ಕೊನೆಯದಾಗಿ ಒಡೆತನದ ಬಗ್ಗೆಯೇ ಒಂದು ಮೌಲ್ಯ ಕೊಡಬೇಕು. "ಸ್ಟ್ಯಾಟಿಕ್" ಅಂದರೆ ಈ ಪಠ್ಯ ಇದ್ದಲ್ಲೇ ಇರುತ್ತದೆ, ನಿಶ್ಚಿಂತೆಯಿಂದ ಓದು. "ಟ್ರಾನ್ಸಿಯೆಂಟ್" ಅಂದರೆ ಈಗಲೇ ನಕಲು ಮಾಡಿಕೋ, ಆಮೇಲೆ ಇದು ಇರುವ ಖಾತರಿ ಇಲ್ಲ. ಮೂರನೆಯದಾಗಿ ನಮ್ಮದೇ ಒಂದು ಫಂಕ್ಷನ್‌ನ ಪಾಯಿಂಟರ್ ಕೊಡಬಹುದು. ಕೆಲಸ ಮುಗಿದಾಗ ಅದನ್ನು ಕರೆದು ತಿಳಿಸುತ್ತದೆ. ಪೈಥಾನ್ ಅಥವಾ ಗೋ ಕಡೆಯಿಂದ ಕರೆಯುವವರಿಗೆ ಟ್ರಾನ್ಸಿಯೆಂಟ್ ವಾಸಿ. ನಕಲಿನ ಖರ್ಚು ಸಣ್ಣದು, ಉಳಿಸುವ ತಲೆನೋವು ದೊಡ್ಡದು.

ಸಿಟೈಪ್ಸ್ ಬಳಸುವವರಿಗೆ ಇಲ್ಲಿ ಒಂದರ ಹಿಂದೆ ಒಂದು ಎರಡು ಬಲೆ. ಸಿ ಫಂಕ್ಷನ್ ಕೊಡುವ ಪಠ್ಯದ ಪಾಯಿಂಟರನ್ನು ಅಕ್ಷರ ಪಾಯಿಂಟರ್ ಎಂದು ಘೋಷಿಸಿದರೆ ಸಿಟೈಪ್ಸ್ ಅದನ್ನು ತಾನೇ ಪೈಥಾನ್ ಬೈಟ್ಸ್ ಮಾಡಿ ಕೊಡುತ್ತದೆ. ಅನುಕೂಲ ಹೌದು. ಆದರೆ ಮೂಲ ವಿಳಾಸ ಕಳೆದುಹೋಯಿತು, ಇನ್ನು ಅದನ್ನು ಬಿಡುವುದು ಹೇಗೆ? ಸರಿ ಎಂದು ವಾಯ್ಡ್ ಪಾಯಿಂಟರ್ ಎಂದು ಘೋಷಿಸಿದರೆ ಸಾಮಾನ್ಯ ಪೈಥಾನ್ ಸಂಖ್ಯೆ ಸಿಗುತ್ತದೆ. ಅದನ್ನು ಬಿಡುವ ಫಂಕ್ಷನ್‌ಗೆ ಆರ್ಗ್‌ಟೈಪ್ಸ್ ಬರೆಯದೆ ಕೊಟ್ಟರೆ ಆ ಸಂಖ್ಯೆ ಮತ್ತೆ 32 ಬಿಟ್‌ಗೆ ಕತ್ತರಿಸುತ್ತದೆ.

ಇದ್ದಕ್ಕಿದ್ದಂತೆ ಇಲ್ಲವಾಗುವ ವಿಳಾಸ

ಬಳಕೆ ಮುಗಿದ ಮೆಮೊರಿಯನ್ನು ತಾನೇ ಬಿಡುವ ಗಾರ್ಬೇಜ್ ಕಲೆಕ್ಟರ್ ಇರುವ ಭಾಷೆಗೆ ಸಿ ಕಡೆ ಯಾರು ಏನು ಹಿಡಿದಿದ್ದಾರೆ ಎಂದು ಕಾಣುವುದಿಲ್ಲ. ನಂಪೈನಲ್ಲಿ ಎರಡು ಅರೇ ಕೂಡಿಸಿ, ಆ ಮೊತ್ತದ ವಿಳಾಸವನ್ನು ಒಂದೇ ಸಾಲಿನಲ್ಲಿ ತೆಗೆದರೆ, ಸಾಲು ಮುಗಿಯುವಷ್ಟರಲ್ಲಿ ಮೊತ್ತದ ಅರೇ ಹೋಗಿರುತ್ತದೆ. ಕೈಯಲ್ಲಿ ಉಳಿದದ್ದು ಬರೀ ಸಂಖ್ಯೆ. ಅರೇಗೆ ಒಂದು ಹೆಸರು ಕೊಟ್ಟು ಸಿ ಕೆಲಸ ಮುಗಿಯುವವರೆಗೆ ಹಿಡಿದುಕೊಂಡಿರಬೇಕು. ಕಾಲ್‌ಬ್ಯಾಕ್‌ಗೂ ಇದೇ ಗತಿ. ಪೈಥಾನ್ ಫಂಕ್ಷನ್ನನ್ನು ಸಿ ಕರೆಯುವಂತೆ ಮಾಡಿಕೊಟ್ಟು, ಆ ಹೊದಿಕೆಯ ವಸ್ತುವನ್ನು ಎಲ್ಲೂ ಇಟ್ಟುಕೊಳ್ಳದಿದ್ದರೆ, ಸಿ ಅದನ್ನು ಕರೆಯುವ ಹೊತ್ತಿಗೆ ಅಲ್ಲಿ ಏನೂ ಇರುವುದಿಲ್ಲ.

ಸಿಪೈಥಾನ್ ವಸ್ತುಗಳನ್ನು ಜಾಗ ಬದಲಿಸುವುದಿಲ್ಲ, ಅಷ್ಟು ಪುಣ್ಯ. ಜಾವಾ ಮತ್ತು ಡಾಟ್‌ನೆಟ್‌ನ ಕಲೆಕ್ಟರ್‌ಗಳು ಬದುಕಿರುವ ವಸ್ತುವನ್ನೇ ಬೇರೆ ಕಡೆ ಸರಿಸುತ್ತವೆ. ತಮ್ಮೊಳಗಿನ ವಿಳಾಸಗಳನ್ನೆಲ್ಲ ತಿದ್ದಿಕೊಳ್ಳುತ್ತವೆ, ಸಿ ಕೈಯಲ್ಲಿರುವುದನ್ನು ತಿದ್ದುವವರಿಲ್ಲ. ಅದಕ್ಕೇ ಡಾಟ್‌ನೆಟ್‌ನಲ್ಲಿ ವಸ್ತುವನ್ನು ಕರೆ ಮುಗಿಯುವವರೆಗೆ ಅಲುಗದಂತೆ ಪಿನ್ ಮಾಡುವ ಸೌಲಭ್ಯ ಇದೆ. ಜಾವಾ ಬೇರೆ ದಾರಿ ಹಿಡಿಯಿತು. 2024ರ ಜಾವಾ 22ರಲ್ಲಿ ಪಕ್ಕಾ ಆದ ಹೊಸ ಎಪಿಐನಲ್ಲಿ ಡೇಟಾವನ್ನು ಕಲೆಕ್ಟರ್‌ನ ಹೀಪ್ ಹೊರಗೇ ಇಡಬಹುದು. ಅದು ಎಷ್ಟು ಹೊತ್ತು ಇರಬೇಕು ಎಂದು ಅರೀನಾ ಎಂಬ ವಸ್ತು ನೋಡಿಕೊಳ್ಳುತ್ತದೆ. ಅರೀನಾ ಮುಚ್ಚಿದ ಮೇಲೆ ಜಾವಾ ಕಡೆಯಿಂದ ಮುಟ್ಟಲು ಹೋದರೆ ಸ್ಪಷ್ಟ ದೋಷ ಬರುತ್ತದೆ.

ಗೋ ಎಲ್ಲರಿಗಿಂತ ಕಟ್ಟುನಿಟ್ಟು. 2016ರ ಗೋ 1.6ರಿಂದ ನಿಯಮ ಹೀಗಿದೆ: ಗೋ ಮೆಮೊರಿಯ ಪಾಯಿಂಟರನ್ನು ಸಿಗೆ ಕೊಡಬಹುದು, ಆದರೆ ಆ ಮೆಮೊರಿಯೊಳಗೆ ಮತ್ತೆ ಗೋ ಪಾಯಿಂಟರ್‌ಗಳು ಇರಬಾರದು. ಕರೆ ಮುಗಿದ ಮೇಲೆ ಸಿ ಅದನ್ನು ಇಟ್ಟುಕೊಳ್ಳಬಾರದು. ಅಂದರೆ ಗೋದಲ್ಲಿ ಕಟ್ಟಿದ ಲಿಂಕ್ಡ್ ಲಿಸ್ಟನ್ನು ಹಾಗೇ ಕಳಿಸುವಂತಿಲ್ಲ. ಮುರಿದರೆ ರನ್‌ಟೈಮ್ ಅನೇಕ ಸಲ ತಾನೇ ಹಿಡಿದು ಪ್ರೋಗ್ರಾಂ ನಿಲ್ಲಿಸುತ್ತದೆ. 2023ರ ಗೋ 1.21ರಲ್ಲಿ ವಸ್ತುವನ್ನು ಪಿನ್ ಮಾಡುವ ಪಿನ್ನರ್ ಬಂದು ಸ್ವಲ್ಪ ಸಡಿಲವಾಯಿತು. ನನಗೆ ಈ ಬಿಗಿ ಇಷ್ಟ. ಸುಮ್ಮನೆ ಕೆಡುವುದಕ್ಕಿಂತ ಕೂಗಿ ನಿಲ್ಲುವುದು ಮೇಲು.

ಒಳಗೆ ನೋಡಬೇಡಿ

ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ ಬರಬೇಕು. ಸ್ಟ್ರಕ್ಟ್‌ನ ಒಳಗನ್ನು ಎರಡೂ ಭಾಷೆ ನೋಡಲೇಬೇಕೆ? ಎಷ್ಟೋ ಸಲ ಬೇಕಿಲ್ಲ. ಎಸ್‌ಕ್ಯೂಲೈಟ್‌ನ ಡೇಟಾಬೇಸ್ ಪಾಯಿಂಟರ್ ಹಾಗೇ ಇದೆ. ತೆರೆದಾಗ ಒಂದು ಪಾಯಿಂಟರ್ ಸಿಗುತ್ತದೆ, ಪ್ರತಿ ಕರೆಗೂ ಅದನ್ನೇ ಕೊಡುತ್ತೇವೆ, ಮುಗಿದಾಗ ಮುಚ್ಚುತ್ತೇವೆ. ಒಳಗೆ ಏನಿದೆ, ಎಷ್ಟು ಬೈಟ್ ಇದೆ, ನಮಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಇದನ್ನು ಒಪೇಕ್ ಪಾಯಿಂಟರ್ ಅನ್ನುತ್ತಾರೆ. ಪ್ಯಾಡಿಂಗ್, ಕ್ರಮ, ಅಗಲದ ತಾಪತ್ರಯಗಳು ಒಂದೇ ಏಟಿಗೆ ಮಾಯ. ಲೈಬ್ರರಿಯವರು ನಾಳೆ ಒಳಗೆ ಹೊಸ ಭಾಗ ಸೇರಿಸಿದರೂ ನಮ್ಮ ಕೋಡ್ ಕೆಡುವುದಿಲ್ಲ. ಹೊಸದಾಗಿ ಗಡಿ ಕಟ್ಟುವವರು ಇದರಿಂದಲೇ ಶುರು ಮಾಡಿ ಅನ್ನುತ್ತೇನೆ. ಚಿಕ್ಕ ಡೇಟಾ ಆದರೆ ನಕಲು ಮಾಡಿ ಕಳಿಸಿ, ಅದರಲ್ಲಿ ನಾಚಿಕೆ ಏನಿಲ್ಲ. ಒಳರಚನೆ ಹಂಚಿಕೊಳ್ಳುವುದನ್ನು ದೊಡ್ಡ ಅರೇಗಳಿಗೆ ಮೀಸಲಿಡಿ.

ಆ ದೊಡ್ಡ ಅರೇಗಳಿಗೆ, ಭಾಷೆಗಳ ನಡುವೆ ಡೇಟಾ ಹಂಚಿಕೊಳ್ಳಲು ಇರುವ ಅಪಾಚೆ ಆರೋ ಯೋಜನೆಯ ಸಿ ಡೇಟಾ ಇಂಟರ್‌ಫೇಸ್ ಒಳ್ಳೆಯ ಮಾದರಿ. ಅದರಲ್ಲಿ ಡೇಟಾ ಹೊತ್ತು ತರುವುದು ಹತ್ತು ಭಾಗಗಳ ಒಂದು ಸ್ಟ್ರಕ್ಟ್. ಅವುಗಳಲ್ಲಿ ಐದು 64 ಬಿಟ್ ಪೂರ್ಣಾಂಕ, ಐದು ಪಾಯಿಂಟರ್. ಎಲ್ಲವೂ 8 ಬೈಟ್, ಹಾಗಾಗಿ 64 ಬಿಟ್ ಯಂತ್ರದಲ್ಲಿ 80 ಬೈಟ್, ಪ್ಯಾಡಿಂಗ್‌ಗೆ ಜಾಗವೇ ಇಲ್ಲ. ಅದರಲ್ಲೊಂದು "ರಿಲೀಸ್" ಎಂಬ ಫಂಕ್ಷನ್ ಪಾಯಿಂಟರ್. ಡೇಟಾ ಕೊಟ್ಟವರು ಅದನ್ನು ತುಂಬುತ್ತಾರೆ, ಪಡೆದವರು ಕೆಲಸ ಮುಗಿದಾಗ ಕರೆಯುತ್ತಾರೆ. ಕರೆದಾದ ಮೇಲೆ ಆ ಜಾಗದಲ್ಲಿ ಸೊನ್ನೆ ಇರುತ್ತದೆ, ಬಿಟ್ಟಾಗಿದೆ ಎಂಬ ಗುರುತಿಗೆ. ಮೆಮೊರಿ ಯಾವ ಭಾಷೆಯದು, ಹೇಗೆ ಬಿಡಬೇಕು ಎಂದು ಪಡೆದವರಿಗೆ ತಿಳಿದಿರಬೇಕಾಗಿಲ್ಲ. ಬಿಡುವ ದಾರಿ ಡೇಟಾ ಜೊತೆಗೇ ಬಂದಿದೆ.

ಇನ್ನು ಪರೀಕ್ಷೆ. ಬಿಟ್ಟ ಮೆಮೊರಿ ಮುಟ್ಟುವುದು, ಬಫರ್ ಆಚೆ ಬರೆಯುವುದು ಇಂಥವನ್ನು ಅಡ್ರೆಸ್ ಸ್ಯಾನಿಟೈಜರ್ ಎಂಬ ಪರೀಕ್ಷಾ ಸಾಧನ ಹಿಡಿಯುತ್ತದೆ. ಸ್ಟ್ರಕ್ಟ್ ಅಳತೆ ಎರಡು ಕಡೆ ಬೇರೆ ಇದ್ದರೆ ಬಹಳಷ್ಟು ಸಲ ಅದಕ್ಕೆ ಗೊತ್ತಾಗುವುದಿಲ್ಲ, ಏಕೆಂದರೆ ತಪ್ಪು ಜಾಗದ ಬೈಟ್‌ಗಳೂ ನಮ್ಮವೇ. ಅದಕ್ಕೆ ಸಿ ಕಡೆ ಪ್ರತಿ ಸ್ಟ್ರಕ್ಟ್‌ನ ಗಾತ್ರ ಹೇಳುವ ಪುಟ್ಟ ಫಂಕ್ಷನ್ ಇಟ್ಟು, ಲೈಬ್ರರಿ ಲೋಡ್ ಆದ ಕೂಡಲೇ ಈ ಕಡೆಯ ಗಾತ್ರದ ಜೊತೆ ಹೋಲಿಸಿ. ರಸ್ಟ್‌ನ ಬೈಂಡ್‌ಜೆನ್ ಸಿ ಹೆಡರ್ ಓದಿ ಸ್ಟ್ರಕ್ಟ್‌ಗಳನ್ನು ತಾನೇ ಬರೆದುಕೊಡುತ್ತದೆ, ಗಾತ್ರ ಮತ್ತು ಸ್ಥಾನದ ಪರೀಕ್ಷೆಗಳನ್ನೂ ಸೇರಿಸುತ್ತದೆ. ಆದರೆ ಒಂದು ಪಾಯಿಂಟರನ್ನು ಯಾರು ಬಿಡಬೇಕು ಅನ್ನುವುದನ್ನು ಹೆಡರ್‌ನ ಘೋಷಣೆ ಹೇಳುವುದಿಲ್ಲ, ಹಾಗಾಗಿ ಬೈಂಡ್‌ಜೆನ್‌ಗೂ ಗೊತ್ತಾಗುವುದಿಲ್ಲ. ಆ ಒಂದು ಸಾಲನ್ನು ಫಂಕ್ಷನ್ ಮೇಲಿನ ಕಾಮೆಂಟ್‌ನಲ್ಲಿ ನೀವೇ ಬರೆಯಬೇಕು.